ಸ್ಕೀ ಕಟ್ಟಿಕೊಂಡು ಬೆಟ್ಟವೇರುವ ಪಂದ್ಯ

ಹಿಮದ ಮೇಲೆ ಜಾರುವುದು ಹೇಗೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಉದ್ದನೆಯ ನುಣುಪು ಹಲಗೆಗಳೆರಡನ್ನು ಕಾಲಿಗೆ ಬಿಗಿದುಕೊಂಡು ಇಳಿಜಾರಿನ ತುದಿಯಲ್ಲಿ ನಿಂತರೆ ಸಾಕು. ಉಳಿದುದನ್ನು ಗುರುತ್ವಾಕರ್ಷಣೆಯೇ ನೋಡಿಕೊಳ್ಳುತ್ತದೆ. ಆದರೆ ಅದೇ ಹಲಗೆಗಳನ್ನು ಕಟ್ಟಿಕೊಂಡು ಆ ಇಳಿಜಾರನ್ನು ಕೆಳಗಿನಿಂದ ಮೇಲಕ್ಕೆ ಹತ್ತಬೇಕಾದರೆ? ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದಕ್ಕೆ ಜಾರುವುದು ಸಹಜವಲ್ಲವೆ? ಹೀಗಿದ್ದರೂ ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಪ್ರತಿ ಚಳಿಗಾಲದಲ್ಲಿಯೂ ನೂರಾರು ಜನ ಸ್ಕೀ ತೊಟ್ಟ ಕಾಲುಗಳಿಂದಲೇ ಸಹಸ್ರಾರು ಮೀಟರು ಎತ್ತರವನ್ನು ಏರುತ್ತಾರೆ, ಶಿಖರವನ್ನು ಮುಟ್ಟಿದೊಡನೆ ಅವೇ ಸ್ಕೀಗಳ ಮೇಲೆ ಕೆಳಕ್ಕೆ ಧುಮುಕುತ್ತಾರೆ, ಪುನಃ ಏರುತ್ತಾರೆ. ಈ ಕ್ರೀಡೆಗೆ ಸ್ಕೀ ಪರ್ವತಾರೋಹಣವೆಂದು ಹೆಸರು.

ಇದರ ಗುಟ್ಟು ಅಡಗಿರುವುದು ಸ್ಕೀಯ ತಳಕ್ಕೆ ಅಂಟಿಸುವ ರೋಮದ ಪಟ್ಟಿಯೊಂದರಲ್ಲಿ. ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ಕೈ ಸರಾಗವಾಗಿ ಜಾರುತ್ತದೆ. ಬಾಲದಿಂದ ತಲೆಯ ಕಡೆಗೆ ಸವರಿದರೆ ಕೂದಲು ನಿಮಿರಿ ಕೈಯನ್ನು ತಡೆಯುತ್ತದೆ (ಬೆಕ್ಕು ಪರಚುವುದು ಬೇರೆಯ ಮಾತು). ಪಟ್ಟಿಯ ರೋಮಗಳೆಲ್ಲವೂ ಹೀಗೆಯೇ ಹಿಂದಕ್ಕೆ ಬಾಗಿರುತ್ತವೆ. ಸ್ಕೀಯನ್ನು ಮುಂದಕ್ಕೆ ತಳ್ಳಿದಾಗ ಅವು ಮಲಗಿಕೊಂಡು ದಾರಿ ಬಿಡುತ್ತವೆ. ಹಿಂದಕ್ಕೆ ಸರಿಯಹೊರಟೊಡನೆ ನಿಮಿರಿ ಹಿಮವನ್ನು ಕಚ್ಚಿ ಹಿಡಿಯುತ್ತವೆ. ಪೂರ್ವದಲ್ಲಿ ಸೀಲ್ ಎಂಬ ಕಡಲಪ್ರಾಣಿಯ ತೊಗಲನ್ನು ಇದಕ್ಕಾಗಿ ಬಳಸುತ್ತಿದ್ದರು. ಈಗ ಅಂಗೋರಾ ಮೇಕೆಯ ರೋಮ, ನೈಲಾನ್, ಇಲ್ಲವೆ ಇವೆರಡರ ಬೆರಕೆ ಆ ಸ್ಥಾನಕ್ಕೆ ಬಂದಿವೆ. ಆದರೂ ಆಟಗಾರರ ಬಾಯಲ್ಲಿ ಅದಕ್ಕೆ ಇಂದಿಗೂ ‘ಚರ್ಮ’ವೆಂದೇ ಹೆಸರು. ನೈಲಾನ್ ಹೆಚ್ಚು ಬಾಳುತ್ತದೆ, ಮೇಕೆಯ ರೋಮ ಹೆಚ್ಚು ಜಾರುತ್ತದೆ. ಪಂದ್ಯಾಳುಗಳು ಆರಿಸಿಕೊಳ್ಳುವುದು ಎರಡನೆಯದನ್ನೇ.

ಇನ್ನು ಹಿಮ್ಮಡಿಯ ಸಂಗತಿ. ಏರುವಾಗ ಪಾದವು ತುದಿಯಲ್ಲಿ ಮಾತ್ರ ಸ್ಕೀಗೆ ಸಿಕ್ಕಿಕೊಂಡು, ಬಾಗಿಲು ಕೀಲಿನ ಮೇಲೆ ತಿರುಗುವಂತೆ ಮೇಲಕ್ಕೂ ಕೆಳಕ್ಕೂ ಆಡುತ್ತಿರಬೇಕು. ಇಳಿಯುವಾಗ ಹಿಮ್ಮಡಿಯೂ ಭದ್ರವಾಗಿ ಕಚ್ಚಿಕೊಂಡಿರಬೇಕು. ಇದಕ್ಕೊಂದು ಹಗುರವಾದ ಉಪಾಯವನ್ನು 1980ರ ದಶಕದಲ್ಲಿ ಕಂಡುಹಿಡಿದವರು ಆಸ್ಟ್ರಿಯದ ಫ್ರಿಟ್ಸ್ ಬಾರ್ಟೆಲ್. ಬೂಟಿನ ತುದಿಯ ಇಕ್ಕೆಲಗಳಲ್ಲಿರುವ ಕುಳಿಗಳನ್ನು ಎರಡು ಲೋಹದ ಮೊಳೆಗಳು ಚಿಮಟದಂತೆ ಹಿಡಿಯುವುದಷ್ಟೇ ಅದರ ತತ್ತ್ವ. ಶಿಖರವನ್ನು ಮುಟ್ಟಿದ ನುರಿತ ಪಂದ್ಯಾಳು ಸ್ಕೀಗಳನ್ನು ಬಿಚ್ಚದೆಯೇ ಬಾಗಿ, ಪಟ್ಟಿಗಳನ್ನು ಸರ್ರನೆ ಕಿತ್ತು ಎದೆಯ ಬಳಿ ಅಂಗಿಯೊಳಗೆ ತುರುಕಿ, ಬೂಟನ್ನೂ ಹಿಮ್ಮಡಿಯನ್ನೂ ಬಿಗಿದು ಹೊರಟುಬಿಡುತ್ತಾನೆ. ಕೆಲವೇ ಸೆಕೆಂಡುಗಳ ಕೆಲಸ. ಎದೆಯ ಬಳಿಯೇ ಏಕೆ? ಚಳಿಯಲ್ಲಿ ಅಂಟು ಮರಗಟ್ಟಿದರೆ ಮುಂದಿನ ಏರಿನಲ್ಲಿ ಪಟ್ಟಿ ಕಚ್ಚುವುದಿಲ್ಲ. ದೇಹದ ಶಾಖವೇ ಅದಕ್ಕೆ ರಕ್ಷೆ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಸಾಮಗ್ರಿಗಳೂ ಸೇರಿ 80 ಕಿಲೋಗ್ರಾಂ ತೂಗುವ ಒಬ್ಬಾತನು 4,000 ಮೀಟರು ಏರಿದನೆನ್ನಿ. ಗುರುತ್ವದ ವಿರುದ್ಧ ಆತನು ಮಾಡಿದ ಕೆಲಸ ಸುಮಾರು 31 ಲಕ್ಷ ಜೂಲ್, ಅಂದರೆ 750 ಕಿಲೋಕ್ಯಾಲೊರಿ. ಇದು ಅಲ್ಪವೆಂದು ತೋರಬಹುದು. ಆದರೆ ನಮ್ಮ ಸ್ನಾಯುಗಳು ಸೇವಿಸಿದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸಬಲ್ಲವು. ಮಿಕ್ಕುದೆಲ್ಲ ಶಾಖವಾಗಿ ಹೋಗುತ್ತದೆ. ಆದುದರಿಂದ ಏರಿಕೆಯೊಂದಕ್ಕೇ 3,000 ಕಿಲೋಕ್ಯಾಲೊರಿ ಬೇಕಾಯಿತು. ಸಾಧಾರಣ ಮನುಷ್ಯನೊಬ್ಬನ ದಿನವಿಡೀ ಆಹಾರಕ್ಕಿಂತಲೂ ಇದು ಹೆಚ್ಚು. ಹೀಗಿರಲು ಪಂದ್ಯಾಳುವು ಪ್ರತಿಯೊಂದು ಗ್ರಾಮಿಗೂ ಜಿಪುಣನಾಗುವುದರಲ್ಲಿ ಆಶ್ಚರ್ಯವೇನು? ಅದರಲ್ಲಿಯೂ ಕಾಲಿನಲ್ಲಿರುವ ಭಾರವು ಬೆನ್ನ ಮೇಲಿನ ಅಷ್ಟೇ ಭಾರಕ್ಕಿಂತ ಹಲವು ಪಟ್ಟು ದುಬಾರಿ. ಹತ್ತಾರು ಸಾವಿರ ಹೆಜ್ಜೆಗಳಲ್ಲಿ ಪ್ರತಿ ಹೆಜ್ಜೆಗೂ ಅದನ್ನು ನಿಲ್ಲಿಸಿ ಪುನಃ ಚಲಿಸುವಂತೆ ಮಾಡಬೇಕಷ್ಟೆ. ಈ ಕಾರಣದಿಂದ ಪಂದ್ಯದ ಸ್ಕೀ ಒಂದು ಕಿಲೋಗ್ರಾಮಿಗಿಂತಲೂ ಹಗುರವಾಗಿದೆ.

ಆದರೆ ಹಗುರವಾಗುವುದಕ್ಕೂ ಒಂದು ಮಿತಿ ಬೇಡವೆ? ನಮಗೆ ಈ ಕ್ರೀಡೆಯಲ್ಲಿ ಎಲ್ಲಕ್ಕಿಂತ ಕುತೂಹಲಕರವಾಗಿ ಕಂಡುದು ಈ ಪ್ರಶ್ನೆಯೇ. ಹಿಮಕುಸಿತದಲ್ಲಿ ಹೂತುಹೋದವನನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಅಗೆದು ತೆಗೆದರೆ ಬದುಕುವ ಸಂಭವ ಬಹಳ. ಅರ್ಧ ಗಂಟೆ ಕಳೆದರೆ ಆಸೆ ಕ್ಷೀಣ. ಹೊರಗಿನ ನೆರವು ಅಷ್ಟು ಬೇಗ ಬಾರದು, ಅಗೆಯಬೇಕಾದವರು ಜೊತೆಗಾರರೇ. ಆ ಕಾರಣ ಪರ್ವತದ ದೀರ್ಘ ಪಂದ್ಯಗಳಲ್ಲಿ ಪ್ರತಿಯೊಬ್ಬನೂ ಹೂತವನಿರುವ ಜಾಗವನ್ನು ತಿಳಿಸುವ ರೇಡಿಯೋ ಯಂತ್ರ, ಹಿಮದೊಳಕ್ಕೆ ಚುಚ್ಚಿ ನೋಡುವ ಸರಳು, ಸಲಿಕೆ, ಇವುಗಳನ್ನು ಹೊತ್ತೇ ಓಡಬೇಕೆಂದು ನಿಯಮವಿದೆ. ಸ್ಪರ್ಧಿಯ ಬುದ್ಧಿ ಪ್ರತಿ ಗ್ರಾಮನ್ನೂ ಕಳೆಯಲು ನೋಡುತ್ತದೆ. ಯಾವ ಗ್ರಾಮುಗಳನ್ನು ಕಳೆಯಕೂಡದೆಂಬುದನ್ನು ನಿಯಮವು ಗೊತ್ತುಮಾಡುತ್ತದೆ.

ಪರ್ವತದ ಪಂದ್ಯವು ಎಷ್ಟು ಬೆಲೆಯನ್ನು ಕೇಳಬಲ್ಲದೆಂಬುದನ್ನು ಸ್ವಿಟ್ಸರ್ಲೆಂಡಿನವರು ಬಲ್ಲರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಆ ದೇಶದ ಸೈನ್ಯವು ತನ್ನ ಪರ್ವತದಳದ ಸಾಮರ್ಥ್ಯವನ್ನು ಪರೀಕ್ಷಿಸಲು ತ್ಸೆರ್ಮಾಟ್‌ನಿಂದ ವೆರ್ಬಿಯೇವರೆಗೆ ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ‘ಪತ್ರುಯ್ ದೆ ಗ್ಲಾಸಿಯೇ’, ಅಂದರೆ ಹಿಮನದಿಗಳ ಪಹರೆ, ಎಂದು ಅದರ ಹೆಸರು. ಸಾಮಾನ್ಯವಾಗಿ ನಾಲ್ಕು ದಿನ ಹಿಡಿಯುವ ದಾರಿಯನ್ನು ಮೂವರ ತಂಡವು ಎಲ್ಲಿಯೂ ತಂಗದೆ ಒಂದೇ ಉಸುರಿನಲ್ಲಿ ಮುಗಿಸಬೇಕು. 1949ರ ಏಪ್ರಿಲಿನಲ್ಲಿ ಒರ್ಸಿಯೇರ್ ಎಂಬ ಊರಿನ ತಂಡವೊಂದು ಮಾಂ ಮಿನೇ ಹಿಮನದಿಯ ಬಿರುಕಿಗೆ ಬಿದ್ದಿತು. ಮೂವರೂ ಮಡಿದರು. ಎಂಟು ದಿನಗಳ ತರುವಾಯ ಅವರ ದೇಹಗಳು ಸಿಕ್ಕಿದುವು. ಹಿಮನದಿಯ ಬಿರುಕಿನ ಮೇಲೆ ಹೊಸ ಹಿಮವು ತೆಳುವಾದ ಸೇತುವೆಯಂತೆ ಕಟ್ಟಿಕೊಂಡಿರುತ್ತದೆ. ಕಣ್ಣಿಗೆ ಕಾಣುವುದು ಸಮತಟ್ಟಾದ ಬಿಳಿಯ ನೆಲ ಮಾತ್ರ. ಸರಕಾರವು ಸ್ಪರ್ಧೆಯನ್ನು ನಿಷೇಧಿಸಿತು. ಅದು ಪುನಃ ನಡೆದುದು 1984ರಲ್ಲಿ.

ಈಗ ಎರಡು ವರ್ಷಗಳಿಗೊಮ್ಮೆ ನಡೆಯುವ ಈ ಸ್ಪರ್ಧೆಯ ದೂರ ಸುಮಾರು 57 ಕಿಲೋಮೀಟರು. ಒಟ್ಟು ಏರಿಕೆ 4,000 ಮೀಟರಿಗೂ ಮಿಗಿಲು. ತಂಡಗಳು ಹೊರಡುವುದು ರಾತ್ರಿಯಲ್ಲಿ, ತಲೆಗೆ ದೀಪ ಕಟ್ಟಿಕೊಂಡು. ಬಿಸಿಲೇರಿದ ಮೇಲೆ ಹಿಮವು ಸಡಿಲಗೊಂಡು ಕುಸಿಯುವ ಭಯವಿರುವುದರಿಂದ ಗಟ್ಟಿಯಾಗಿರುವಾಗಲೇ ಎತ್ತರದ ದಾರಿಯನ್ನು ದಾಟಬೇಕು. 3,650 ಮೀಟರು ಎತ್ತರದ ಟೆಟ್ ಬ್ಲಾಂಶ್‌ನ ಆಸುಪಾಸಿನ ಹಿಮನದಿಗಳ ಮೇಲೆ ಮೂವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿರುತ್ತಾರೆ. ಹಗ್ಗದಲ್ಲಿ ಬಿಗಿದ ಮೂವರು ಕತ್ತಲಲ್ಲಿ ಒಟ್ಟಿಗೆ ಜಾರಿ ಇಳಿಯುವುದನ್ನು ಓದುಗರು ಒಮ್ಮೆ ಊಹಿಸಿಕೊಳ್ಳಬೇಕು! ಇಟಲಿಯಲ್ಲಿಯೂ ಇಂಥದೇ ಒಂದು ಹಳೆಯ ಪಂದ್ಯವುಂಟು. 1933ರಲ್ಲಿ ಆರಂಭವಾದ ‘ಮೆಝಲಾಮ’ ಎಂಬ ಅದು 4,200 ಮೀಟರಿಗೂ ಎತ್ತರವಾದ ಕ್ಯಾಸ್ಟರ್ ಶಿಖರವನ್ನು ಹಾದುಹೋಗುತ್ತದೆ. ಹಿಮಕುಸಿತದಲ್ಲಿ ಮಡಿದ ಸ್ಕೀ ಪರ್ವತಾರೋಹಿಯೊಬ್ಬನ ಹೆಸರನ್ನು ಅದಕ್ಕಿಡಲಾಗಿದೆ.

ಅಂತರರಾಷ್ಟ್ರೀಯ ವ್ಯವಸ್ಥೆ ಬಂದುದು ತಡವಾಗಿ. ಮೊದಲನೆಯ ವಿಶ್ವ ಚಾಂಪಿಯನ್‌ಷಿಪ್ 2002ರಲ್ಲಿ ಫ್ರಾನ್ಸಿನಲ್ಲಿ ನಡೆಯಿತು. ಇಂದಿನ ಅಂತರರಾಷ್ಟ್ರೀಯ ಒಕ್ಕೂಟ 2008ರಲ್ಲಿ ರೂಪುಗೊಂಡಿತು. ಒಬ್ಬೊಬ್ಬರೇ ಹಲವು ಏರು ಇಳಿವುಗಳನ್ನು ದಾಟುವ ಪಂದ್ಯ, ಜೋಡಿಯ ಪಂದ್ಯ, ಬರಿಯ ಏರಿಕೆಯ ಪಂದ್ಯ, ರಿಲೇ, ಸ್ಪ್ರಿಂಟ್ ಎಂದು ಬಗೆಗಳು ಹಲವು. 2025ರ ಏಷ್ಯನ್ ಚಳಿಗಾಲದ ಕೂಟದಲ್ಲಿ ಇದಕ್ಕೆ ಸ್ಥಾನ ದೊರೆಯಿತು. 2026ರ ಮಿಲಾನ್–ಕೊರ್ಟಿನಾ ಒಲಿಂಪಿಕ್ಸಿಗೆ ಇದನ್ನು ಸೇರಿಸಿಕೊಳ್ಳಲು 2021ರಲ್ಲಿಯೇ ತೀರ್ಮಾನವಾಗಿತ್ತು. ಆದರೆ ಅಲ್ಲಿಗಾಗಿ ಆರಿಸಿದುದು ಯಾವುದನ್ನು? ಪುರುಷರ ಸ್ಪ್ರಿಂಟ್, ಮಹಿಳೆಯರ ಸ್ಪ್ರಿಂಟ್, ಒಬ್ಬ ಪುರುಷ ಒಬ್ಬ ಮಹಿಳೆಯ ರಿಲೇ ಇಷ್ಟೇ. ಸ್ಪ್ರಿಂಟಿನ ಏರಿಕೆ ನೂರು ಮೀಟರಿಗೂ ಕಡಮೆ. ಸುಮಾರು ಮೂರು ನಿಮಿಷಗಳಲ್ಲಿ ಮುಗಿಯುತ್ತದೆ. ಪಟ್ಟಿ ಅಂಟಿಸಿ ಏರುವುದು, ಸ್ಕೀಯನ್ನು ಬೆನ್ನಿಗೇರಿಸಿ ಕಾಲ್ನಡಿಗೆಯಲ್ಲಿ ಹತ್ತುವುದು, ಪಟ್ಟಿ ಕಿತ್ತು ಇಳಿಯುವುದು ಎಲ್ಲವೂ ಅದರಲ್ಲಿವೆ. ಹಿಮನದಿಯಿಲ್ಲ, ಹಗ್ಗವಿಲ್ಲ, ರಾತ್ರಿಯಿಲ್ಲ.

ಇದನ್ನು ನಾವು ದೂರುವುದಿಲ್ಲ. ನೋಡುಗರ ಕಣ್ಣೆದುರಿಗೇ ಮುಗಿಯುವ ಪಂದ್ಯ ಬೇಕೆಂಬುದು ನ್ಯಾಯವೇ. ದೊಡ್ಡ ಹಿಮನದಿಗಳಿಲ್ಲದ ದೇಶಗಳೂ ಅದನ್ನು ನಡೆಸಬಲ್ಲವು. ಒಂದು ಪಟ್ಟಿ ಸರಿಯಾಗಿ ಅಂಟದೆ ಹೋದರೆ ಪದಕವೇ ಕೈತಪ್ಪುವುದೆಂಬ ಕಳವಳವೂ ಅಲ್ಲಿದೆ. ಆದರೂ ಈ ಕ್ರೀಡೆಯ ಪರಿಚಯ ಆ ಮೂರು ನಿಮಿಷಗಳಿಂದಲೇ ಆದವರಿಗೆ ಅದರ ಅರ್ಧವು ಕಾಣದೆಯೇ ಉಳಿಯುವುದೆಂದು ನಮ್ಮ ಅಭಿಪ್ರಾಯ. ಮನುಷ್ಯನ ಕಾಲುಗಳಿಂದ ಏನಾದೀತೆಂಬುದಕ್ಕೆ ಬೇರೆಯ ನಿದರ್ಶನಗಳಿವೆ: ಸ್ಪೇನಿನ ಕಿಲಿಯನ್ ಜಾರ್ನೆಟ್ 2019ರಲ್ಲಿ ನಾರ್ವೆಯ ಒಂದೇ ಇಳಿಜಾರನ್ನು ಮತ್ತೆ ಮತ್ತೆ ಹತ್ತಿ 24 ಗಂಟೆಗಳಲ್ಲಿ 23,486 ಮೀಟರು ಏರಿದರು. ಎವರೆಸ್ಟನ್ನು ಸಮುದ್ರಮಟ್ಟದಿಂದ ಎರಡು ಸಲ ಏರಿ, ಮೂರನೆಯ ಸಲ ಅರ್ಧಕ್ಕೂ ಮೇಲೆ ಹೋದಷ್ಟು ಎತ್ತರ ಅದು.

ಹಿಮನದಿಗಳ ಪಹರೆಯಲ್ಲಿ 2018ರಲ್ಲಿ ಇಟಲಿಯ ಏಯ್ಡಾಲಿನ್, ಬೊಸ್ಕಾಚ್ಚಿ, ಆಂಟೊನಿಯೊಲಿ ಎಂಬ ಮೂವರು ತ್ಸೆರ್ಮಾಟ್‌ನಿಂದ ವೆರ್ಬಿಯೇಯನ್ನು ತಲುಪಲು ತೆಗೆದುಕೊಂಡ ಕಾಲ 5 ಗಂಟೆ 35 ನಿಮಿಷ 27 ಸೆಕೆಂಡು. ಬೆನ್ನ ಮೇಲೆ ಸಲಿಕೆಯೂ ಇತ್ತು.