ಕಾಳಿಯ ಪಾಲು

ನಾಯಿಗೆ ಬಿಸ್ಕತ್ತು ಮಾಡುವ ವಿಷಯವನ್ನು ಭಾನುವಾರದ ಸಾಹಿತ್ಯದ ಪುಟದಲ್ಲಿ ಬರೆಯಹೊರಟರೆ ಸಹೃದಯರು ಹುಬ್ಬೇರಿಸುವುದು ಸಹಜ. ತರಗತಿಯಲ್ಲಿ ಛಂದಸ್ಸನ್ನೂ ಹಳಗನ್ನಡ ವ್ಯಾಕರಣವನ್ನೂ ಬೋಧಿಸಿ ಜೀವಿಸುವ ನನ್ನಂಥವನಿಗೆ ಅಡಿಗೆಯ ಮನೆಯಲ್ಲಿ ಯಾವ ಅಧಿಕಾರವಿದೆ ಎಂದು ಅವರು ಕೇಳಬಹುದು. ಅಧಿಕಾರವೇನೂ ಇಲ್ಲ; ಅನುಭವವಿದೆ. ಆ ಅನುಭವದಲ್ಲಿ ಒಂದು ದೊಡ್ಡ ತಪ್ಪೂ ಸೇರಿದೆ. ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡದಿರಲಿ ಎಂಬುದೇ ಈ ಬರಹಕ್ಕೆ ಮುಖ್ಯ ಪ್ರೇರಣೆ.

ನಮ್ಮ ಮನೆಯ ನಾಯಿಯ ಹೆಸರು ಕಾಳಿ. ಜಾತಿಯ ನಾಯಿಯೇನಲ್ಲ, ಬೀದಿಯಿಂದ ಬಂದದ್ದು. ಬಣ್ಣ ಕಪ್ಪಲ್ಲ, ಹಳೆಯ ಬೆಲ್ಲದ ಬಣ್ಣ. ಸಾಲದುದಕ್ಕೆ ಗಂಡು. 'ಇದೇನು, ಗಂಡುನಾಯಿಗೆ ದೇವಿಯ ಹೆಸರು?' ಎಂದು ಕೇಳದ ಅತಿಥಿಗಳಿಲ್ಲ. ಹೆಸರಿಟ್ಟವರು ನನ್ನ ತಂದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಂಡಿತರಾಗಿದ್ದು ನಿವೃತ್ತರಾದ ಅವರಿಗೆ ಶಾಸನಗಳೆಂದರೆ ಪಂಚಪ್ರಾಣ. ಯಾರಾದರೂ ಹಾಗೆ ಕೇಳಿದರೆ ಸಾಕು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಆತಕೂರಿನ ಕಥೆಯನ್ನು ಆರಂಭಿಸಿಬಿಡುತ್ತಿದ್ದರು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಕನ್ನಡ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕ್ರಿ. ಶ. ೯೪೯ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಮಡಿದನು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ನಿಂತು ಕಾದಿದ ಗಂಗರ ಇಮ್ಮಡಿ ಬೂತುಗನು ತನ್ನ ಸೇವಕನಾದ ಮಣಲೆರನ ಶೌರ್ಯಕ್ಕೆ ಮೆಚ್ಚಿ 'ಬೇಕಾದುದನ್ನು ಕೇಳು' ಎಂದನು. ಊರನ್ನು ಕೇಳಬಹುದಾಗಿತ್ತು, ಹೊನ್ನನ್ನು ಕೇಳಬಹುದಾಗಿತ್ತು. ಮಣಲೆರನು ಕೇಳಿದ್ದು ಅರಸನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿಯನ್ನು ಒಂದು ಹೆಗ್ಗಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟನು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವು ಅವನಿಗೆ ತಟ್ಟುವುದೆಂದು ಶಾಸನವು ವಿಧಿಸುತ್ತದೆ. ನಾಯಿಯೂ ಹಂದಿಯೂ ಕಾದುವ ಶಿಲ್ಪವುಳ್ಳ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತಂದೆಯವರು ಕಥೆಯನ್ನು ಮುಗಿಸುವಾಗ ಪ್ರತಿಸಲವೂ ಆಡುತ್ತಿದ್ದ ಮಾತು ಒಂದೇ: 'ಮೊದಲು ನಾಯಿಗೆ, ಆಮೇಲೆ ನಮಗೆ. ಇದು ಸಾವಿರ ವರ್ಷದ ಕಟ್ಟಳೆ.'

ಅವರು ಈ ಕಟ್ಟಳೆಯನ್ನು ಅಕ್ಷರಶಃ ಪಾಲಿಸುತ್ತಿದ್ದರು. ಸಂಜೆ ನಾಲ್ಕು ಗಂಟೆಗೆ ಹಜಾರದ ಬೆತ್ತದ ಕುರ್ಚಿಯಲ್ಲಿ ಕುಳಿತು, ತಮ್ಮ ಸಣ್ಣ ಲೋಟದ ಕಾಫಿಯನ್ನು ಬಾಯಿಗಿಡುವ ಮುಂಚೆ ಕಾಳಿಗೆ ಒಂದು ಬಿಸ್ಕತ್ತು. ಒಂದು ಎಂದದ್ದು ವ್ಯಾಕರಣದ ಏಕವಚನವಲ್ಲ, ವಾತ್ಸಲ್ಯದ ಏಕವಚನ. ಅಂಗಡಿಯ ಸಿಹಿ ಬಿಸ್ಕತ್ತಿನ ಪೊಟ್ಟಣದಲ್ಲಿ ಅರ್ಧ ಅವನ ಪಾಲಾಗುತ್ತಿತ್ತು. ಕಳೆದ ವರ್ಷ ಮಳೆಗಾಲದ ಮೊದಲಿನಲ್ಲಿ ತಂದೆಯವರು ತೀರಿಕೊಂಡರು. ಹದಿಮೂರು ದಿನಗಳು ಕಳೆದು ನೆಂಟರೆಲ್ಲ ಹೊರಟ ಮೇಲೆ ಒಂದು ಸಂಜೆ ನೋಡುತ್ತೇನೆ: ಗಡಿಯಾರ ನಾಲ್ಕು ಹೊಡೆಯುತ್ತಲೂ ಕಾಳಿ ಬಂದು ಬರಿಯ ಕುರ್ಚಿಯ ಮುಂದೆ ಕುಳಿತಿದ್ದಾನೆ. ಆ ದಿನದಿಂದ ಬಿಸ್ಕತ್ತು ಕೊಡುವ ಕೆಲಸ ನನಗೆ ಬಂದಿತು.

ತಾಯಿಯವರ ಸ್ಥಿತಿ ಬೇರೆ. ಐವತ್ತು ವರ್ಷ ಆಳಿದ ಅಡಿಗೆಯ ಮನೆಯ ಕಡೆಗೆ ಅವರು ತಿರುಗಿ ನೋಡಲಿಲ್ಲ. 'ಯಾರಿಗೆ ಮಾಡಲಿ?' ಎನ್ನುತ್ತಿದ್ದರು. ನಾವೆಲ್ಲರೂ ಎದುರಿಗೇ ಇದ್ದೆವು. ಆದರೆ ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮೂರು ತಿಂಗಳ ಮೇಲೆ ಕಾಳಿ ಕುಂಟತೊಡಗಿದನು. ಪಶುವೈದ್ಯರು ತೂಕ ಮಾಡಿಸಿ, ಬಾಯಿ ತೆರೆಸಿ ಹಲ್ಲು ನೋಡಿ, 'ಮೇಷ್ಟ್ರೆ, ಹನ್ನೊಂದು ವರ್ಷದ ಮುದುಕನಿಗೆ ಈ ಮೈ ಭಾರವಾಯಿತು. ಕೀಲುಗಳು ಹೊರಲಾರವು. ಇಂದಿನಿಂದ ಸಿಹಿ ಬಿಸ್ಕತ್ತು ಬಂದ್' ಎಂದರು. ವೈದ್ಯರ ಮಾತು ಸರಿ. ಆದರೆ ನಾಲ್ಕು ಗಂಟೆಯನ್ನು ಏನು ಮಾಡುವುದು? ತಂದೆಯವರಿಂದ ಆ ಮನೆಯಲ್ಲಿ ಉಳಿದಿದ್ದ ನಡೆಯುವ ಪದ್ಧತಿ ಅದೊಂದೇ. ಅದನ್ನು ನಿಲ್ಲಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಸಕ್ಕರೆಯಿಲ್ಲದ ಬಿಸ್ಕತ್ತನ್ನು ಮನೆಯಲ್ಲಿಯೇ ಮಾಡೋಣವೆಂದು ನಿಶ್ಚಯಿಸಿದೆನು.

ನಾಯಿಯ ಬಿಸ್ಕತ್ತು ಹೊಸ ಕಾಲದ ಶೋಕಿ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ೧೮೬೦ರ ಸುಮಾರಿಗೇ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು ಲಂಡನ್ನಿನಲ್ಲಿ ಗೋಧಿ, ತರಕಾರಿ, ಮಾಂಸಗಳನ್ನು ಬೆರೆಸಿದ ನಾಯಿಯ ಬಿಸ್ಕತ್ತನ್ನು ಮಾರಾಟಕ್ಕೆ ತಂದನು. ಅವನ ಕಂಪನಿಯಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕ್ರಫ್ಟ್ ಎಂಬುವನೇ ೧೮೯೧ರಲ್ಲಿ ತನ್ನ ಹೆಸರಿನ ಪ್ರಸಿದ್ಧ ಶ್ವಾನ ಪ್ರದರ್ಶನವನ್ನು ಆರಂಭಿಸಿದವನು. ನಮ್ಮ ಹಳ್ಳಿಗಳಲ್ಲಿಯಾದರೋ ಹೊಲದಿಂದ ಬಂದ ಒಕ್ಕಲಿಗನು ತನ್ನ ಮುದ್ದೆಯಲ್ಲಿ ಒಂದು ತುತ್ತು ಮುರಿದು ನಾಯಿಗೆ ಹಾಕುವುದು ಇವೆಲ್ಲಕ್ಕಿಂತ ಹಳೆಯದು. ನಾಯಿಗೆ ಮಾಂಸವೇ ಗತಿ, ಧಾನ್ಯ ಜೀರ್ಣವಾಗದು ಎಂಬ ಮಾತೂ ಪೂರ್ಣ ಸತ್ಯವಲ್ಲ. ಪಿಷ್ಟವನ್ನು ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಅಧಿಕವಾಗಿವೆಯೆಂದು ೨೦೧೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಮನುಷ್ಯನ ಒಲೆಯ ಪಕ್ಕದಲ್ಲಿ ಸಹಸ್ರಾರು ವರ್ಷ ಕುಳಿತುದಕ್ಕೆ ಅದರ ರಕ್ತದಲ್ಲಿಯೇ ಸಾಕ್ಷಿಯಿದೆ.

ಇಷ್ಟು ಪಾಂಡಿತ್ಯವನ್ನು ಸಂಪಾದಿಸಿದ ನಾನು ಒಂದು ಭಾನುವಾರ ಮಧ್ಯಾಹ್ನ ಗೋಧಿ ಹಿಟ್ಟನ್ನು ಕಲಸಿದೆನು. ಸಕ್ಕರೆ ಬಿಟ್ಟದ್ದಾಯಿತು, ಬರಿಯ ಹಿಟ್ಟು ರುಚಿಸೀತೆ? ಡಬ್ಬಿಯಲ್ಲಿ ಒಣದ್ರಾಕ್ಷಿ ಇತ್ತು. ದೇವರ ನೈವೇದ್ಯಕ್ಕೆ ಬರುವ ವಸ್ತು, ಮಗುವಿಗೂ ಕೊಡುವ ವಸ್ತು. ಒಂದು ಹಿಡಿ ಸೇರಿಸಿದೆನು. ನಾಲ್ಕು ಗಂಟೆಗೆ ಕಾಳಿ ಎರಡು ಬಿಸ್ಕತ್ತನ್ನು ತಿಂದು ಬಾಲವಾಡಿಸಿದನು. ನಾನು ಲೇಖಕನು ಮೊದಲ ಪುಸ್ತಕವನ್ನು ನೋಡುವಂತೆ ತಟ್ಟೆಯನ್ನು ನೋಡುತ್ತಿದ್ದೆನು. ಅಷ್ಟರಲ್ಲಿ ಕಾಲೇಜಿನಿಂದ ಬಂದ ಗೆಳತಿಯನ್ನು ಕಳುಹಿಸಿ ಒಳಗೆ ಬಂದ ಮಗಳು ತಟ್ಟೆಯನ್ನು ಕಂಡು ಬಿಳುಪೇರಿದಳು. 'ಅಪ್ಪ, ದ್ರಾಕ್ಷಿ ಹಾಕಿದಿರಾ? ಅದು ನಾಯಿಗೆ ವಿಷ!'

ವೈದ್ಯರಿಗೆ ಫೋನು ಮಾಡಿದೆನು. 'ಕೂಡಲೇ ಕರೆತನ್ನಿ, ಒಂದು ನಿಮಿಷವೂ ತಡಮಾಡಬೇಡಿ' ಎಂದರು. ಔಷಧಿ ಕೊಟ್ಟು ವಾಂತಿ ಮಾಡಿಸಿದರು. ದ್ರಾಕ್ಷಿಯು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲುದು, ಎಷ್ಟು ತಿಂದರೆ ಕೆಡುವುದೆಂದು ಹೇಳುವಂತಿಲ್ಲ, ಆದಕಾರಣ ಮೂರು ದಿನ ರಕ್ತಪರೀಕ್ಷೆಯಾಗಬೇಕು ಎಂದರು. ಆ ಮೂರು ರಾತ್ರಿ ನಾನು ಹಜಾರದಲ್ಲಿಯೇ ಮಲಗಿದೆನು. ಕಾಳಿ ನೀರು ಕುಡಿಯುವ ಸದ್ದಿಗೂ ಎಚ್ಚರವಾಗುತ್ತಿತ್ತು. ತಂದೆಯವರ ಕುರ್ಚಿಯ ಕಡೆಗೆ ನೋಡಲು ಧೈರ್ಯವಾಗಲಿಲ್ಲ. ಎರಡನೆಯ ರಾತ್ರಿ ತಾಯಿಯವರು ಎದ್ದು ಬಂದು ನಾಯಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಹನ್ನೊಂದು ವರ್ಷದಲ್ಲಿ ಅವರು ಅವನ ತಲೆಯ ಮೇಲೆ ಕೈಯಿಟ್ಟುದನ್ನು ನಾನು ಕಂಡದ್ದು ಅಂದೇ. ಮೂರನೆಯ ದಿನದ ಪರೀಕ್ಷೆಯಲ್ಲಿ ಏನೂ ದೋಷವಿಲ್ಲವೆಂದು ತಿಳಿಯಿತು.

ಆ ದಿನ ವೈದ್ಯರು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. ನಾನು ವಿದ್ಯಾರ್ಥಿಯಂತೆ ಬರೆದುಕೊಂಡೆನು. ದ್ರಾಕ್ಷಿ ಹಸಿಯದಾಗಲಿ ಒಣಗಿದ್ದಾಗಲಿ ಕೂಡದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಈಚಿನ ಊಹೆ. ಆ ಆಮ್ಲ ಹುಣಿಸೆಯಲ್ಲಿಯೂ ಹೇರಳ. ಈರುಳ್ಳಿ, ಬೆಳ್ಳುಳ್ಳಿಗಳು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ದೋಷ ಹೋಗದು. ಹಾಗೆಂದ ಮೇಲೆ ಉಳಿದ ಸಾರನ್ನೂ ಹುಳಿಯನ್ನೂ ಅನ್ನಕ್ಕೆ ಕಲಸಿ ನಾಯಿಗೆ ಸುರಿಯುವ ನಮ್ಮ ಉದಾರತೆಯನ್ನು ಏನೆನ್ನಬೇಕು? ಚಾಕೊಲೇಟು ಕೂಡದು, ಅದರಲ್ಲಿರುವ ಥಿಯೊಬ್ರೊಮಿನ್ ನಾಯಿಯ ಮೈಯಿಂದ ಬೇಗ ಹೊರಹೋಗದು. ಸಕ್ಕರೆಯ ಬದಲು ಬಳಸುವ ಜೈಲಿಟಾಲ್ ಅಂತೂ ರಕ್ತದ ಸಕ್ಕರೆಯನ್ನು ಥಟ್ಟನೆ ಇಳಿಸಿ ಪ್ರಾಣಕ್ಕೇ ಎರವಾಗಬಹುದು. ಕಡಲೆಕಾಯಿಯ ಬೆಣ್ಣೆಯನ್ನು ಅಂಗಡಿಯಿಂದ ತರುವವರು ಅದು ಸೇರಿದೆಯೇ ಎಂದು ಚೀಟಿಯನ್ನು ಓದಿಯೇ ತರಬೇಕು. ಹುದುಗು ಬೆರೆಸಿದ ಹಸಿ ಹಿಟ್ಟು ಹೊಟ್ಟೆಯಲ್ಲಿ ಉಬ್ಬುತ್ತದೆ. ಉಪ್ಪು, ಕಾರ, ಮಸಾಲೆಗಳ ಅಗತ್ಯವೇ ಇಲ್ಲ. ನಾಯಿ ರುಚಿಯನ್ನು ನಾಲಗೆಗಿಂತ ಹೆಚ್ಚಾಗಿ ಮೂಗಿನಿಂದ ಅರಿಯುತ್ತದೆ.

ಮರುದಿನ ಈ ಟಿಪ್ಪಣಿಯನ್ನು ಹಿಡಿದು ಅಡಿಗೆಯ ಮನೆಗೆ ಹೋದೆನು. ಹಿಂದೆಯೇ ತಾಯಿಯವರ ದನಿ: 'ನೀನು ಆಚೆಗೆ ಬಾರಪ್ಪ. ಓದಿಕೊಂಡವರ ಅಡಿಗೆ ಸಾಕು. ಏನೇನು ಹಾಕಬಾರದೆಂದು ಹೇಳು, ಹಾಕುವುದನ್ನು ನಾನು ನೋಡಿಕೊಳ್ಳುತ್ತೇನೆ.' ತಿಂಗಳುಗಳ ಮೇಲೆ ಅವರು ಸೆರಗು ಬಿಗಿದು ಒಲೆಯ ಮುಂದೆ ನಿಂತರು.

ಅವರು ಮಾಡುವ ಕ್ರಮ ಇದು. ಎರಡು ಬಟ್ಟಲು ರಾಗಿ ಹಿಟ್ಟಿಗೆ ಒಂದು ಬಟ್ಟಲು ಗೋಧಿ ಹಿಟ್ಟು. ಬರಿಯ ರಾಗಿಗೆ ಅಂಟು ಸಾಲದು, ಲಟ್ಟಿಸುವಾಗ ಒಡೆಯುತ್ತದೆ. ಬೇಯಿಸಿ ಮಸೆದ ಸಿಹಿಕುಂಬಳ ಒಂದು ಬಟ್ಟಲು. ಹುರಿದು ಸಿಪ್ಪೆ ತೆಗೆದು ನುಣ್ಣಗೆ ಅರೆದ ಕಡಲೆಕಾಯಿ ಬೀಜ ಎರಡು ಚಮಚ, ಇದು ವಾಸನೆಗೆ. ಮೊಟ್ಟೆಯನ್ನು ಬಳಸುವವರು ಒಂದನ್ನು ಸೇರಿಸಬಹುದು. ನಮ್ಮ ಮನೆಯ ಒಲೆಗೆ ಅದರ ಪರಿಚಯವಿಲ್ಲ. ಕುಂಬಳದ ಪಸೆಯಲ್ಲಿಯೇ ಕಲಸಿ, ಸಾಲದಿದ್ದರೆ ಮಾತ್ರ ನೀರು ಚಿಮುಕಿಸಿ, ಚಪಾತಿಯ ಹಿಟ್ಟಿಗಿಂತ ಗಟ್ಟಿಯಾಗಿ ನಾದಬೇಕು. ಕಾಲು ಅಂಗುಲ ದಪ್ಪಕ್ಕೆ ಲಟ್ಟಿಸಿ, ಬಿಲ್ಲೆಗಳಾಗಿ ಕತ್ತರಿಸಿ, ಓವನ್ನಿನಲ್ಲಿ ೧೭೦ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅರ್ಧ ಗಂಟೆ ಸುಟ್ಟು, ಬೆಂಕಿ ಆರಿಸಿದ ಮೇಲೂ ಒಳಗೇ ಬಿಟ್ಟರೆ ಚೆನ್ನಾಗಿ ಒಣಗುತ್ತವೆ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಮೇಲೆ ತಟ್ಟೆಯಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ತಾಯಿಯವರಿಗೆ ಈ ವಿಧಾನವೇ ಹೆಚ್ಚು ಸಮ್ಮತ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಬೇಕು. ಪಸೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಫ್ರಿಜ್ಜಿನಲ್ಲಿಟ್ಟು, ವಾರಕ್ಕಾಗುವಷ್ಟನ್ನೇ ಮಾಡುವುದು ಮೇಲು.

ಇದು ಊಟವಲ್ಲ, ಕೈತುತ್ತು ಎಂಬುದನ್ನು ಮರೆಯಬಾರದು. ದಿನದ ಒಟ್ಟು ಆಹಾರದಲ್ಲಿ ಇಂಥ ತಿಂಡಿಗಳ ಪಾಲು ಹತ್ತರಲ್ಲಿ ಒಂದನ್ನು ಮೀರಬಾರದೆಂದು ವೈದ್ಯರ ನಿಯಮ. ನಾಯಿಗೆ ಬಿಲ್ಲೆಯ ಗಾತ್ರ ಮುಖ್ಯವಲ್ಲ, ಕೊಟ್ಟ ಸಂಖ್ಯೆ ಮುಖ್ಯ. ದೊಡ್ಡದೊಂದನ್ನು ನಾಲ್ಕಾಗಿ ಮುರಿದು ಕೊಟ್ಟರೆ ನಾಲ್ಕು ಸಲ ಬಾಲವಾಡಿಸುತ್ತದೆ.

ಮೊದಲ ದಿನ ಹಿಟ್ಟು ಲಟ್ಟಿಸಿ ಆದ ಮೇಲೆ ಬಿಲ್ಲೆ ಕತ್ತರಿಸಲು ನಾನು ಡಬ್ಬಿಯ ಮುಚ್ಚಳವನ್ನು ಹುಡುಕುತ್ತಿದ್ದೆನು. ತಾಯಿಯವರು ಮಾತಾಡದೆ ಮೇಲಿನ ಗೂಡಿನಿಂದ ತಂದೆಯವರ ಕಾಫಿಯ ಸಣ್ಣ ಲೋಟವನ್ನು ಇಳಿಸಿದರು. ತಿಂಗಳುಗಳಿಂದ ಬೋರಲಾಗಿದ್ದ ಲೋಟ. ತೊಳೆದು, ಒರೆಸಿ, ಅದರ ಅಂಚನ್ನು ಹಿಟ್ಟಿನಲ್ಲಿ ಅದ್ದಿ ಒತ್ತತೊಡಗಿದರು. ಬಿಲ್ಲೆಗಳು ಒಂದೇ ಅಳತೆಗೆ ಬಂದವು.

ಈಗ ಕಾಳಿಯ ತೂಕ ಎರಡೂವರೆ ಕಿಲೋ ಇಳಿದಿದೆ. ಕುಂಟು ಪೂರ್ತಿ ಹೋಗಿಲ್ಲ; ಮುಪ್ಪಿಗೆ ಮದ್ದಿಲ್ಲ. ನಾಲ್ಕು ಗಂಟೆಗೆ ಅವನು ಬೆತ್ತದ ಕುರ್ಚಿಯ ಮುಂದೆ ಬಂದು ಕುಳಿತುಕೊಳ್ಳುತ್ತಾನೆ. ಕುರ್ಚಿಯಲ್ಲಿ ಈಗ ತಾಯಿಯವರಿರುತ್ತಾರೆ. ಪಕ್ಕದಲ್ಲಿ ಕಾಫಿ ಆರುತ್ತಿರುತ್ತದೆ. ಒಮ್ಮೆ ನಾನು, 'ಅಮ್ಮ, ಕಾಫಿ ತಣ್ಣಗಾಯಿತು, ಮೊದಲು ಕುಡಿಯಬಾರದೆ?' ಎಂದೆನು.

'ಅವನಿಗೆ ಕೊಡದೆ ಹೇಗೋ ಕುಡಿಯಲಿ?' ಎಂದರು. ಆತಕೂರಿನ ಶಾಸನವನ್ನು ಅವರು ಓದಿದವರಲ್ಲ.