ರೋಹಿಣಿಗೆ ಮುನ್ನ

ಮನೆ ಕಟ್ಟಿ ಮುಗಿದ ಮೇಲೆ ಹಿಂದುಗಡೆ ಹತ್ತಡಿ ಅಗಲದ ನೆಲ ಉಳಿಯಿತು. ಕಾಯಿಪಲ್ಲೆಯ ಹಿತ್ತಲೊಂದು ನನ್ನದಾಯಿತೆಂಬ ಹಿಗ್ಗಿನಲ್ಲಿ, ಕಳೆದ ವರ್ಷ ವೈಶಾಖದ ಬಿಸಿಲಿನಲ್ಲಿಯೇ ಹೂಕೋಸಿನ ಸಸಿಗಳನ್ನು ತಂದು ನೆಟ್ಟೆ. ತಂಪನ್ನು ಬಯಸುವ ಆ ಗಿಡಗಳು ಹದಿನೈದು ದಿನ ಬಾಡಿ ಒಣಗಿದವು. ಕಾಲವನ್ನು ಕೇಳದೆ ನೆಟ್ಟ ತಪ್ಪು ನನ್ನದು.

ಈ ವರ್ಷ ಮೊದಲು ಗಾರೆಯ ಹೆಂಟೆ, ಇಟ್ಟಿಗೆಯ ಚೂರುಗಳನ್ನು ಆಯ್ದು, ಗೇಣುದ್ದ ಅಗೆದು, ಕಳಿತ ಕೊಟ್ಟಿಗೆಗೊಬ್ಬರ ಬೆರೆಸಿದೆ. ರೋಹಿಣಿ ಮಳೆ ಹುಟ್ಟುವುದು ಮೇ 25ರ ಸುಮಾರಿಗೆ. ಮೃಗಶಿರಾ ಜೂನ್ 8ರ ಸುಮಾರಿಗೆ. ಬಯಲುಸೀಮೆಯ ಹಿತ್ತಲಿಗೆ ಇದೇ ಹದ.

ಬೆಂಡೆಯ ಬೀಜವನ್ನು ರಾತ್ರಿಯೆಲ್ಲ ನೆನೆಸಿ ಅಡಿಗೊಂದರಂತೆ ಊರಿದೆ. ಏಳು ವಾರಕ್ಕೆ ಕಾಯಿ. ಹರಿವೆಯ ಬೀಜ ಸಾಸಿವೆಗಿಂತ ಕಿರಿದು. ಮರಳಿನೊಡನೆ ಬೆರೆಸಿ ಎರಚಿದರೆ ಸಮನಾಗಿ ಬಿದ್ದು, ತಿಂಗಳೊಳಗೆ ಸೊಪ್ಪು ಕೊಡುತ್ತದೆ. ಬೇಲಿಯ ಮಗ್ಗುಲಿಗೆ ಹೀರೆ, ಹಾಗಲ. ಅವಕ್ಕೆ ಚಪ್ಪರ ಮೊದಲೇ ಸಿದ್ಧವಿರಬೇಕು. ಬದನೆಗೆ ಒಟ್ಟಲುಪಾತಿ, ತಿಂಗಳ ಸಸಿಯನ್ನು ಮಳೆಯ ಹದದಲ್ಲಿ ಕಿತ್ತು ನೆಡಬೇಕು. ನಾಟಿ ಅವರೆಗೆ ಅವಸರವಿಲ್ಲ; ಹಗಲು ಕಿರಿದಾಗದೆ ಅದು ಹೂ ಬಿಡದು, ಆಷಾಢ ಕಳೆದ ಮೇಲೆ ಹಾಕಿದರೂ ಸಾಕು.

ಹೂಕೋಸು ಸತ್ತ ಸಾಲಿಗೆ ಅಲಸಂದೆ ಹಾಕಿದೆ. ಅದರ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ, ಬಡ ಮಣ್ಣಿನಲ್ಲಿಯೂ ಅದು ಬದುಕಿಕೊಳ್ಳುತ್ತದೆ. ಕೊಯ್ಲಾದ ಮೇಲೆ ಬೇರನ್ನು ಅಲ್ಲಿಯೇ ಬಿಟ್ಟರೆ ಮಣ್ಣಿಗೂ ಒಂದು ಪಾಲು.

ಮೊನ್ನೆ ಸಂಜೆ ಮಳೆ ಬಿದ್ದಿತು. ಇಂದು ಬೆಳಗ್ಗೆ ಹೋಗಿ ನೋಡಿದರೆ, ಆ ಸಾಲಿನಲ್ಲಿ ಮಣ್ಣು ಬಿರಿದಿದೆ. ಅಲಸಂದೆಯ ಮೊಳಕೆಗಳು ಬೆನ್ನು ಬಾಗಿಸಿ ಮೇಲೇಳುತ್ತಿವೆ. ಎಣಿಸಿದೆ: ಹನ್ನೊಂದು.