ಕೋಲಾರದಿಂದ ಶ್ರೀಲಂಕಾಗೆ ಸರ್ಫಿಂಗ್: ಯಾವಾಗ, ಎಲ್ಲಿ?

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಕೇಳ್ತಿರೋರೇ, ನಗಬೇಡಿ. ನಮ್ಮ ಜಿಲ್ಲೆಗೆ ಕಡಲಿಲ್ಲ, ಆದ್ರೂ ಇವತ್ತು ಸರ್ಫಿಂಗ್ ಮಾತು.

ಹೊಸಬರಿಗೆ ಶ್ರೀಲಂಕಾದ ವೆಲಿಗಾಮ ಒಳ್ಳೇದು. ತಳದಲ್ಲಿ ಮರಳು, ಅಲೆ ಮೆತ್ತಗೆ. ನವೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ. ಜೂನ್ ಹೊತ್ತಿಗೆ ಮುಂಗಾರು ಆ ತೀರಕ್ಕೆ ಬಡಿಯುತ್ತೆ. ಆಗ ಸೀಸನ್ ಪೂರ್ವದ ಅರುಗಮ್ ಬೇಯಲ್ಲಿ, ಆದರೆ ಅಲ್ಲಿಯ ಮುಖ್ಯ ಅಲೆ ಕಲಿಯೋರಿಗಲ್ಲ.

ದೇವನಹಳ್ಳಿಯಿಂದ ಕೊಲಂಬೊ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ, ನಮ್ಮ ಮೂಲ್ಕಿಗೆ ಬಸ್ಸಲ್ಲಿ ಒಂದು ರಾತ್ರಿ. ಆದ್ರೂ ಮೊದಲು ಮೂಲ್ಕಿಯ ಸರ್ಫ್ ಕ್ಲಬ್‌ನಲ್ಲೇ ಎರಡು ದಿನ ಕಲಿಯಿರಿ ಅಂತೀನಿ. ಯಾಕಂದ್ರೆ ನಾವು ಈಜು ಕಲಿತದ್ದು ಬಾವಿ, ಕೆರೆಯಲ್ಲಿ. ಬಾವಿ ನೀರು ಎಳೆಯಲ್ಲ, ಕಡಲು ಎಳೆಯುತ್ತೆ. ರಿಪ್ ಕರೆಂಟ್‌ಗೆ ಸಿಕ್ಕರೆ ನೇರ ದಡದ ಕಡೆ ಗುದ್ದಾಡಬೇಡಿ. ದಡದ ಉದ್ದಕ್ಕೇ ಅಡ್ಡಲಾಗಿ ಸಾಗಿ, ಎಳೆತ ತಪ್ಪಿದ ಮೇಲೆ ಒಳಗೆ ತಿರುಗಿ. ಬೋರ್ಡ್ ಮಾತ್ರ ಬಿಡಬೇಡಿ, ಅದು ತೇಲುತ್ತೆ.